ರಾಜಿ ಫಾದರ್

ಜನ ಅವನಿಗೆ ಇಟ್ಟ ಹೆಸರು ರಾಜಿ ಫಾದರ್. ಗಂಡ ಹೆಂಡಿರ ಮುನಿಸು, ಅಣ್ಣತಮ್ಮಂದಿರ ಪಾಲು, ಮೆಟ್ಟಿಲ ಮೇಲೆ ನೀರು ಚೆಲ್ಲಿದರೆಂದು ಮೇಲಿನ ಮನೆಯವರಿಗೂ ಕೆಳಗಿನ ಮನೆಯವರಿಗೂ ಹತ್ತಿಕೊಂಡ ರಗಳೆ, ಎಲ್ಲವೂ ಚರ್ಚಿನ ಪಕ್ಕದ ಅವನ ಇಕ್ಕಟ್ಟು ಕಚೇರಿಯಲ್ಲೇ ಬಗೆಹರಿಯುತ್ತಿತ್ತು. ಇಬ್ಬರಿಗೂ ಅರ್ಧ ಬೇಸರ, ಅರ್ಧ ಸಮಾಧಾನ ಹಂಚಿ ಕಳಿಸುವುದರಲ್ಲಿ ಅವನದು ಪಳಗಿದ ಕೈ. ಹಾಗಾಗಿ ಬಿಷಪ್ಪರಿಗೂ ತನ್ನ ಸ್ವಂತ ಅಕ್ಕನಿಗೂ ಎಣ್ಣೆ ಸೀಗೆಕಾಯಿ ಆದಾಗ ಅವನು ಗಾಬರಿಯಾಗಲಿಲ್ಲ. ಆಗಬೇಕಿತ್ತು.

ಅಕ್ಕ ಪಾಲಿಕೆಯ ಸದಸ್ಯೆ. ಅದಕ್ಕೂ ಮೊದಲು ಪಾಲಿಕೆಯ ಹೆರಿಗೆ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ಕಟ್ಟಡ ಪಾಲಿಕೆಯದು, ನಡೆಸುವವರು ಕನ್ಯಾಸ್ತ್ರೀಯರು. ಅವರ ಶುಚಿಗೆ, ಪ್ರೀತಿಗೆ ಬೊಟ್ಟು ಮಾಡುವಂತಿರಲಿಲ್ಲ. ಆದರೆ ಮಕ್ಕಳು ಸಾಕೆಂದು ಆಪರೇಷನ್ ಕೇಳಿದರೆ ಮಾತ್ರ ಆಗುವುದಿಲ್ಲ, ಧರ್ಮಸಭೆ ಒಪ್ಪುವುದಿಲ್ಲ, ಬೇಕಾದವರು ಬೇರೆ ಕಡೆ ಹೋಗಲಿ ಎನ್ನುತ್ತಿದ್ದರು. ಬೇರೆ ಕಡೆ ಹೋಗುವಷ್ಟು ಇದ್ದವರು ಅಲ್ಲಿಗೇಕೆ ಬರುತ್ತಿದ್ದರು? ಆರನೇ ಹೆರಿಗೆಗೆ ಬಂದ ಬಟ್ಟೆ ಒಗೆಯುವವಳೊಬ್ಬಳು ಅಕ್ಕನ ಕೈ ಹಿಡಿದು, "ಇದೇ ಕೊನೇದಾಗ್ಲಿ, ಏನಾದ್ರೂ ಮಾಡಿ" ಎಂದು ಅತ್ತಿದ್ದಳು. ಏಳನೆಯದಕ್ಕೆ ಬಂದವಳು ಮನೆಗೆ ಮರಳಲಿಲ್ಲ. ಅಕ್ಕ ಕೆಲಸ ಬಿಟ್ಟಳು, ಚುನಾವಣೆಗೆ ನಿಂತಳು, ಗೆದ್ದಳು. ಆಸ್ಪತ್ರೆಯನ್ನು ಪಾಲಿಕೆಯೇ ನಡೆಸಬೇಕೆಂಬ ಅವಳ ಠರಾವು ಅಂತೂ ಇಂತೂ ಒಮ್ಮೆ ಪಾಸಾಯಿತು. ಜಾರಿಗೆ ಬರಲು ಇನ್ನೊಮ್ಮೆ ಪಾಸಾಗಬೇಕಿತ್ತು.

ಬಿಷಪ್ಪರು ಬಲು ಮೆತ್ತಗಿನ ಮನುಷ್ಯ. ಮೇಯರ್‌ಗೆ ಫೋನು ಮಾಡಲಿಲ್ಲ, ಭಾಷಣ ಬಿಗಿಯಲಿಲ್ಲ. ಆ ಠರಾವಿಗೆ ಕೈ ಎತ್ತಿದವರಿಗೆ ಪೂಜೆಯಲ್ಲಿ ಪರಮಪ್ರಸಾದದ ರೊಟ್ಟಿಬಿಲ್ಲೆ ಕೊಡಬೇಡಿ ಎಂದು ಪಾದ್ರಿಗಳಿಗೆ ಹೇಳಿದರು, ಅಷ್ಟೇ. ಸದಸ್ಯರಲ್ಲಿ ಮುಕ್ಕಾಲುಪಾಲು ಭಾನುವಾರದ ಪೂಜೆ ತಪ್ಪಿಸದವರು. ಓಟು ಹಾಕುವವರೂ ಅಲ್ಲೇ ಹಿಂದಿನ ಬೆಂಚುಗಳಲ್ಲಿ ಕೂತಿರುತ್ತಿದ್ದರು. ಯಾರ ಕೈಗೆ ಪ್ರಸಾದ ಬಿತ್ತು, ಯಾರು ಬರಿಗೈಲಿ ಹೋದರು ಎಂಬುದು ಬೆಳಗಾಗುವುದರೊಳಗೆ ಕ್ಷೌರದಂಗಡಿ ತಲುಪುತ್ತಿತ್ತು.

ರಾಜಿ ಫಾದರ್ ಒಂದು ದಾರಿ ಹುಡುಕಿದ. ಪ್ರಸಾದ ತೆಗೆದುಕೊಳ್ಳುವ ವಯಸ್ಸಾಗದ ಮಕ್ಕಳು ಎದೆಯ ಮೇಲೆ ಕೈ ಅಡ್ಡ ಕಟ್ಟಿಕೊಂಡು ಸಾಲಿನಲ್ಲಿ ಬರುತ್ತಾರೆ. ಪಾದ್ರಿ ಹಣೆಗೆ ಶಿಲುಬೆ ಗುರುತು ಹಾಕಿ ಕಳಿಸುತ್ತಾನೆ.

"ನೀನೂ ಹಂಗೇ ಬಾ" ಎಂದ ಅಕ್ಕನಿಗೆ. "ಅವರ ಮಾತೂ ನಡೀತು, ನಿನ್ನ ಮಾನಾನೂ ಉಳೀತು."

"ಹಾಲುಗಲ್ಲದ ಮಕ್ಕಳ ಜೊತೆ ಸೇರಿಸಿಬಿಟ್ಟೆ ಅನ್ನು" ಎಂದು ಅಕ್ಕ ನಕ್ಕಳು. "ಆಯ್ತು ಮಾರಾಯ, ನಿನಗೋಸ್ಕರ."

ಭಾನುವಾರ ಅಕ್ಕ ಕೈಕಟ್ಟಿಕೊಂಡು ಬಂದಳು. ಅವನು ಹಣೆ ಮುಟ್ಟಿ ಕಳಿಸಿದ. ಅವಳ ಹಿಂದೆ ಅಮ್ಮ. ಬುದ್ಧಿ ಬಂದಾಗಿನಿಂದ ಒಂದು ವಾರವೂ ಪ್ರಸಾದ ತಪ್ಪಿಸದ ಅಮ್ಮ, ಅವತ್ತು ತಾನೂ ಎದೆಯ ಮೇಲೆ ಕೈ ಕಟ್ಟಿದಳು.

"ಅಮ್ಮಾ, ನಿನಗೇನೂ ಇಲ್ಲ, ತಗೋ" ಎಂದು ಪಿಸುಗುಟ್ಟಿದ.

"ಅವಳಿಗಿಲ್ಲದ್ದು ನನ್ನ ಗಂಟಲಲ್ಲಿ ಇಳಿಯಲ್ಲ ಕಣಪ್ಪಾ."

ಹಿಂದೆ ಜನ ಕಾಯುತ್ತಿದ್ದರು. ಹೆತ್ತವಳ ಹಣೆಗೂ ಮಗುವಿಗೆ ಹಾಕಿದ ಹಾಗೆ ಗುರುತು ಹಾಕಿದ. ಅವನ ರಾಜಿಯಲ್ಲಿ ಅಮ್ಮನ ಲೆಕ್ಕವೇ ಇರಲಿಲ್ಲ. ವಾರ ವಾರವೂ ಅದೇ ಆಯಿತು.

ಅಷ್ಟರಲ್ಲಿ ಅಮ್ಮನ ಹೃದಯ ಕೈಕೊಟ್ಟಿತು. ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಎಂದರು. ಹಾಗೆಂದರೇನೆಂದು ಎಲ್ಲರಿಗೂ ಗೊತ್ತಿತ್ತು. ಅಕ್ಕನ ಮನೆಯಲ್ಲಿ ಅಡುಗೆಮನೆಗೆ ಅಂಟಿಕೊಂಡ ಕೋಣೆ, ಮಂಚದ ಪಕ್ಕ ಆಕ್ಸಿಜನ್ ಸಿಲಿಂಡರ್, ಕಿಟಕಿಯಲ್ಲಿ ಒಣಗಲು ಹಾಕಿದ ದುಪ್ಪಟಿ. ಅವನು ಪ್ರಸಾದದ ಡಬ್ಬಿ ತೆರೆದ. ಅಮ್ಮ ಸೂಜಿ ಚುಚ್ಚಿದ್ದ ಕೈಯನ್ನೇ ಎಳೆದು ಎದೆಯ ಮೇಲೆ ಅಡ್ಡ ಹಾಕಿದಳು.

"ಹಟ ಮಾಡ್ಬೇಡಮ್ಮ, ತಗೋ" ಎಂದು ಅಕ್ಕನೇ ಗೋಗರೆದಳು. "ನನಗೇನೂ ಬೇಜಾರಿಲ್ಲ."

"ಇಬ್ಬರನ್ನೂ ಒಂದೇ ತಟ್ಟೇಲಿ ಉಣ್ಣಿಸಿ ಬೆಳೆಸಿದೀನಿ" ಎಂದಳು ಅಮ್ಮ ಏದುಸಿರಿನಲ್ಲಿ. "ಅವಳಿಗೆ ಕೊಡು. ಆಮೇಲೆ ನಂಗೆ."

ಅವನು ಕೈಯಲ್ಲಿದ್ದುದನ್ನು ಮುರಿದು ಅರ್ಧ ಅಕ್ಕನಿಗೆ ಕೊಟ್ಟ. ಉಳಿದರ್ಧವನ್ನು ಅಮ್ಮನ ಬಾಯಿಯ ಹತ್ತಿರ ಹಿಡಿದ. ಅಮ್ಮ ಆಗಲೂ ಬಾಯಿ ತೆರೆಯಲಿಲ್ಲ.

"ಚರ್ಚಲ್ಲೂ ಕೊಡ್ತೀಯ? ಎಲ್ಲರ ಮುಂದೆ?"

"ಕೊಡ್ತೀನಮ್ಮ. ನಿನ್ನಾಣೆಗೂ ಕೊಡ್ತೀನಿ."

ಆಗ ತೆಗೆದುಕೊಂಡಳು. ಅಕ್ಕ ಚಮಚದಲ್ಲಿ ನೀರು ಕುಡಿಸಿದಳು. ಬೆಳಗಿನ ಹೊತ್ತಿಗೆ ಅಮ್ಮ ಇರಲಿಲ್ಲ.

ಪಾದ್ರಿಯ ತಾಯಿಯೆಂದು ಬಿಷಪ್ಪರೇ ಮಣ್ಣಿಗೆ ಬಂದರು. ಮೇಯರ್ ಬಂದರು, ಪಾಲಿಕೆಯ ಸದಸ್ಯರೆಲ್ಲ ಬಂದರು. ಎರಡನೇ ಓಟು ಅದೇ ವಾರ ಇತ್ತು. ಯಾರ ಕಣ್ಣೂ ಹೆಣದ ಪೆಟ್ಟಿಗೆಯ ಮೇಲಿರಲಿಲ್ಲ. ಪ್ರಸಾದ ಹಂಚಲು ಬಿಷಪ್ಪರು ಒಂದು ಕಡೆ ನಿಂತರು, ಅವನು ಇನ್ನೊಂದು ಕಡೆ. ಅಕ್ಕ ಅವನ ಸಾಲಿಗೆ ಬಂದಳು. ಅವಳ ಬೆನ್ನಿಗೆ ಅವಳ ಪರವಾಗಿ ಕೈ ಎತ್ತಿದ್ದ ಇಬ್ಬರು ಸದಸ್ಯರಿದ್ದರು. ಅಕ್ಕ ಎರಡೂ ಅಂಗೈ ಚಾಚಿದಳು. ಅತ್ತು ಅತ್ತು ಊದಿದ ಮುಖದಲ್ಲಿ ಒಂದು ನಿರಾಳವಿತ್ತು. ಮಾತು ಕೊಟ್ಟಿದ್ದಾನಲ್ಲ ತಮ್ಮ.

ಅವನು ಪ್ರಸಾದ ಎತ್ತಿಯೂ ಬಿಟ್ಟಿದ್ದ. ಪಕ್ಕದ ಸಾಲಿನಲ್ಲಿ ಬಿಷಪ್ಪರ ಕೈ ನಿಂತಿತು. ತಿರುಗಿ ನೋಡಲಿಲ್ಲ, ಕೆಮ್ಮಲಿಲ್ಲ, ಸುಮ್ಮನೆ ಕೈ ನಿಂತಿತು. ಒಬ್ಬ ಗಂಡಸು ಹಿಂಜರಿಯಲು ಇಷ್ಟು ಸಾಕೇ ಎಂದರೆ, ನಾಚಿಕೆಗೇಡು, ಆದರೆ ಸಾಕು. ಅವನ ತಲೆ ಹಳೇ ಚಾಳಿಯಂತೆ ರಾಜಿಗಿಳಿಯಿತು: ಇವತ್ತು ಬೇಡ, ಮನೆಗೆ ಹೋಗಿ ಕೊಟ್ಟರಾಯಿತು, ಅಕ್ಕ ಅಲ್ಲವೇ, ಅರ್ಥ ಮಾಡಿಕೊಳ್ಳುತ್ತಾಳೆ. ಎತ್ತಿದ್ದನ್ನು ಬಟ್ಟಲಿಗೆ ಹಾಕಿ ಅವಳ ಹಣೆಗೆ ಗುರುತು ಹಾಕಿದ.

ಚಾಚಿದ ಕೈ ಹಾಗೇ ಇತ್ತು. "ಆಣೆ ಇಟ್ಟಿದ್ದೆ ಕಣೋ" ಎಂದಳು ಅಕ್ಕ.

"ಮನೆಗೆ ಬಂದು ಕೊಡ್ತೀನಿ."

ಅಕ್ಕ ಪೆಟ್ಟಿಗೆಯ ಕಡೆ ಒಮ್ಮೆ ನೋಡಿ ಪಕ್ಕಕ್ಕೆ ಸರಿದಳು. ಹಿಂದಿದ್ದ ಇಬ್ಬರೂ ಮೆಲ್ಲನೆ ಸಾಲು ಬಿಟ್ಟು ಬೆಂಚಿಗೆ ಹೋಗಿ ಕೂತರು. ಸ್ವಂತ ಅಕ್ಕನಿಗೇ, ತಾಯಿಯ ಹೆಣದ ಮುಂದೆಯೇ ಹೀಗಾದರೆ ತಮ್ಮ ಪಾಡೇನು ಎಂದು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಎರಡನೇ ಓಟಿನಲ್ಲಿ ಅಕ್ಕನದೊಂದೇ ಕೈ ಮೇಲೆದ್ದಿತು. ಆಸ್ಪತ್ರೆ ಇದ್ದಲ್ಲೇ ಇದ್ದ ಹಾಗೆ ಉಳಿಯಿತು. ಸಂಜೆ ಬಿಷಪ್ಪರು ಫೋನು ಮಾಡಿ ಅಮ್ಮನ ಬಗ್ಗೆ ಎರಡು ಒಳ್ಳೆಯ ಮಾತಾಡಿದರು. ಓಟಿನ ಸುದ್ದಿ ಎತ್ತಲೇ ಇಲ್ಲ. ಅವನು ಅಕ್ಕನಿಗೆ ಫೋನು ಮಾಡಿದ, ಅವಳು ಎತ್ತಲಿಲ್ಲ.

ಮರುದಿನದ ಪೂಜೆಗೆ ನಾಲ್ಕಾರು ಮುದುಕಿಯರು ಬಂದಿದ್ದರು. ಘೋರ ಪಾಪ ಹೊತ್ತವರು ಪ್ರಸಾದ ಮುಟ್ಟಬಾರದೆಂದು ಮಕ್ಕಳಿಗೆ ಪಾಠ ಹೇಳುತ್ತಿದ್ದವನು ಅವನೇ. ಸಾಯುವ ತಾಯಿಗೆ ಇಟ್ಟ ಆಣೆ ಮುರಿದರೆ ಅದು ಯಾವ ಪಾಪವೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೆ ಪೂಜೆ ಮಾಡುವ ಪಾದ್ರಿ ತಾನು ತಿನ್ನಲೇಬೇಕು, ಇಲ್ಲದಿದ್ದರೆ ಪೂಜೆ ಪೂರ್ತಿಯಾಗುವುದಿಲ್ಲ. ಮುದುಕಿಯರು ಮೊಣಕಾಲೂರಿ ಕಾಯುತ್ತಿದ್ದರು. ಅವನಿಗೆ ಬೇಡವೆನ್ನಲು ಅಲ್ಲಿ ಯಾರೂ ಇರಲಿಲ್ಲ. ಬಾಯಿಗೆ ಹಾಕಿಕೊಂಡು ನುಂಗಿದ.