ಉಣ್ಣದ ಬಾಯಿ

ಕುರಿಯ ವಯಸ್ಸನ್ನು ಅದನ್ನು ಮಾರುವವನ ಬಾಯಿಂದ ಕೇಳಬಾರದು, ಕುರಿಯ ಬಾಯಿಂದಲೇ ಕೇಳಬೇಕು ಎನ್ನುತ್ತಿದ್ದ ನನ್ನಪ್ಪ. ದೇವದುರ್ಗದ ಸಂತೆಯಲ್ಲಿ ಕನಕರಾಯ ಎಂದರೆ ಕುರಿ ದಲ್ಲಾಳಿ ಎಂದು ಎಲ್ಲರಿಗೂ ಗೊತ್ತು. ಕುರಿಯ ಕೊರಳನ್ನು ಮೊಣಕಾಲುಗಳ ನಡುವೆ ಸಿಗಿಸಿ, ಹೆಬ್ಬೆರಳಿನಿಂದ ಕೆಳತುಟಿ ಸರಿಸಿ, ಹಾಲುಹಲ್ಲೋ, ಎರಡು ಹಲ್ಲೋ, ಎಲ್ಲ ಹಲ್ಲು ಬಂದು ಬಾಯಿಗೂಡಿದ್ದೋ ಎಂದು ನೋಡುತ್ತಿದ್ದ. ಆಮೇಲೆ ಮೂಸಿಯೂ ನೋಡುತ್ತಿದ್ದ. ಬಾಯಿ ನಾರುವ ಕುರಿ ಎಷ್ಟೇ ದುಂಡಗಿದ್ದರೂ ಬೇಡವೆಂದು ಕೈ ಕೊಡವುತ್ತಿದ್ದ. ಬಾಯಿ ಕೆಟ್ಟ ಕುರಿಗೆ ಮೇವು ಹಾಕಿದರೆ ಮೈಗೆ ಹತ್ತುವುದಿಲ್ಲವಂತೆ. ಮಾನ್ವಿಯಿಂದ ಬರುತ್ತಿದ್ದ ಕಸಾಯಿ ಶಾಮೀದಸಾಬ ಅಪ್ಪ ನೋಡಿದ ಕುರಿಯ ಬಾಯಿಯನ್ನು ತಾನು ಇನ್ನೊಮ್ಮೆ ನೋಡುತ್ತಿರಲಿಲ್ಲ.

ಸಂತೆಯ ಬಾಯಿಗಳನ್ನೆಲ್ಲ ಬಿಡಿಸಿದ ಈ ಮನುಷ್ಯ ತನ್ನ ಬಾಯಿಯನ್ನು ಮಾತ್ರ ಯಾರಿಗೂ ತೋರಿಸಲಿಲ್ಲ. ಎಲೆ, ಅಡಿಕೆ, ತಂಬಾಕು ದವಡೆಯಲ್ಲೇ ಮನೆ ಮಾಡಿದ್ದವು. ಒಸಡು ಬಾತು ರಕ್ತ ಬರುತ್ತಿತ್ತು, ಎರಡು ಹಲ್ಲು ಅಲುಗಾಡುತ್ತಿದ್ದವು. ಡಾಕ್ಟರಿಗೆ ತೋರಿಸು ಎಂದು ನಾನು ಮಾನ್ವಿಯ ಗಂಡನ ಮನೆಯಿಂದ ತವರಿಗೆ ಬಂದಾಗಲೆಲ್ಲ ಗಂಟುಬೀಳುತ್ತಿದ್ದೆ.

“ನನ್ನೇನ್ ಸಂತ್ಯಾಗ ಮಾರಾಕ ಹೊಂಟೀಯೇನು?” ಎಂದು ನಗುತ್ತಿದ್ದ.

ಕಳೆದ ಬೇಸಿಗೆಯಲ್ಲಿ ಸಂತೆಯಲ್ಲೇ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಮಾತು ಹೋಯಿತು, ನುಂಗುವುದೂ ಹೋಯಿತು. ರಾಯಚೂರಿನ ಆಸ್ಪತ್ರೆಯಲ್ಲಿ ಮೂಗಿನಿಂದ ಹೊಟ್ಟೆಯವರೆಗೆ ನಳಿಕೆ ಹಾಕಿದರು, ಗಂಜಿ, ಹಾಲು, ಗುಳಿಗೆ ಎಲ್ಲ ಅದರಲ್ಲೇ. ತಿಳಿವಳಿಕೆ ಮಾತ್ರ ಎಲ್ಲ ಇತ್ತು. ಕೂಗಿದರೆ ನೋಡುತ್ತಿದ್ದ, ಎಡಗೈಯಿಂದ ನನ್ನ ಕೈ ಹಿಡಿಯುತ್ತಿದ್ದ. ಕೆಲವು ತಿಂಗಳಲ್ಲಿ ನುಂಗುವುದು ಬರಬಹುದು, ಒಂದೆರಡು ಮಾತೂ ಬರಬಹುದು, ಅಲ್ಲಿಯವರೆಗೆ ಎದೆ ಕೆಡದಂತೆ ನೋಡಿಕೊಳ್ಳಿ ಎಂದರು ಡಾಕ್ಟರು. ನನಗೆ ಅಷ್ಟೇ ಸಾಕಾಗಿತ್ತು. ಅಪ್ಪ ನನ್ನನ್ನು ಇನ್ನೊಮ್ಮೆ “ಯಶೋದಾ” ಎಂದು ಕರೆಯಬೇಕು, ಸಂತೆಗೆ ಹೋಗದಿದ್ದರೂ ಚಿಂತೆಯಿಲ್ಲ.

ಎದೆ ಕೆಡದಂತೆ ನೋಡಿಕೊಳ್ಳುವುದು ಹೇಗೆಂದು ತೋರಿಸಿದವಳು ವಾರ್ಡಿನ ನರ್ಸ್ ದಿಲ್ಶಾದ್. ತಲೆಯ ಕಡೆ ಎತ್ತರಿಸಿ ಮುಖವನ್ನು ಪಕ್ಕಕ್ಕೆ ಹೊರಳಿಸಿ, ಬೆರಳಿಗೆ ಒದ್ದೆ ಅರಿವೆ ಸುತ್ತಿ, ಚೆನ್ನಾಗಿ ಹಿಂಡಿ, ಹಲ್ಲು, ಒಸಡು, ನಾಲಿಗೆ ಒರೆಸಿದಳು. ಅರಿವೆಗೆ ಹತ್ತಿದ ಕೊಳೆ ನೋಡಿ ನಾನು ಮೂಗು ಮುಚ್ಚಿಕೊಂಡೆ. ಊಟವೇ ಇಲ್ಲದ ಬಾಯಿ ಇಷ್ಟು ಹೊಲಸಾಗುವುದು ಹೇಗೆ ಎಂದು ಕೇಳಿದೆ.

“ಎಲ್ಲಾರ ಬಾಯಾಗೂ ಕಣ್ಣಿಗೆ ಕಾಣದ ಹುಳ ಇರ್ತಾವ್ರೀ ಅಕ್ಕಾ, ಎಲ್ಲಾವೂ ಕೆಟ್ಟವಲ್ಲ,” ಎಂದಳು. “ನಾವು ಅಗೀತೀವಿ, ಮಾತಾಡ್ತೀವಿ, ಉಗುಳು ನುಂಗ್ತೀವಿ. ಅದರಾಗ ಅವು ಹದಕ್ಕಿರ್ತಾವ. ಬಾಯಿ ಸುಮ್ನ ಬಿತ್ತಂದ್ರ ಕೆಟ್ಟವು ಹೆಚ್ಚಾಗ್ತಾವ. ಇವರಿಗೆ ಉಗುಳು ಸರಿಯಾಗಿ ಹೊಟ್ಟಿಗೆ ಹೋಗಂಗಿಲ್ಲ, ಎದಿಗೆ ಇಳೀತದ. ಲಕ್ವಾದಿಂದ ಉಳದವರು ಬಾಯಿ ಹೊಲಸಿನಿಂದ ಹೋಗಿದ್ದು ನೋಡೀನ್ರೀ. ಮುಂಜಾನಿ ಸಂಜಿ ಬಿಡಬ್ಯಾಡ್ರಿ.”

ಮನೆಗೆ ಬಂದ ಮರುದಿನ ಬೆಳಿಗ್ಗೆ ತಂಬಿಗೆಯಲ್ಲಿ ನೀರು, ಮೆತ್ತಗಿನ ಬಿಳಿ ಅರಿವೆ ತೆಗೆದುಕೊಂಡು ಅಪ್ಪನ ಮಂಚದ ಪಕ್ಕ ಕೂತೆ. ಅರಿವೆ ಅದ್ದುವುದರೊಳಗೆ ಅವ್ವ ಬಂದು ನನ್ನ ಮುಂಗೈ ಹಿಡಿದಳು. ಇನ್ನೊಂದು ಕೈಯಿಂದ ತಂಬಿಗೆಯನ್ನು ಮಂಚದಿಂದ ದೂರ ಸರಿಸಿದಳು.

ಅವಳು ಯಾಕೆ ಹೆದರಿದಳೆಂದು ನನಗೂ ಗೊತ್ತು. ನಮ್ಮ ಮನೆತನದಲ್ಲಿ ಉಸಿರು ಹೋಗುವ ಹೊತ್ತಿಗೆ ಬಾಯಿಗೆ ನೀರು ಬಿಡುವುದು ಹೀಗೆಯೇ. ಬಿಳಿ ಅರಿವೆ ತೋಯಿಸಿ ಮನೆಯವರು ಒಬ್ಬೊಬ್ಬರಾಗಿ ಹಿಂಡುತ್ತಾರೆ. ನಮ್ಮ ಅಜ್ಜನಿಗೆ ಹಿಂಡಿದವರಲ್ಲಿ ಅವ್ವನೂ ಒಬ್ಬಳು. ಅವಳು ಹಿಂಡಿ ಕೈ ತೆಗೆಯುವುದರೊಳಗೆ ಅಜ್ಜ ಹೋದನಂತೆ. ಹೋಗುವವರಿಗೆ ನೀರು ಹಿಂಡುತ್ತಾರೋ, ಹಿಂಡಿದ್ದಕ್ಕೆ ಹೋಗುತ್ತಾರೋ ಎಂಬುದನ್ನು ಅವ್ವ ಅವತ್ತಿನಿಂದ ಬಿಡಿಸಿ ನೋಡಿಲ್ಲ. ಮುತ್ತೈದೆಯಾಗಿ ಉಳಿಯಬೇಕೆಂದವಳಿಗೆ ಆ ಲೆಕ್ಕ ಬಿಡಿಸುವ ಧೈರ್ಯ ಎಲ್ಲಿಂದ ಬರಬೇಕು?

ಅವ್ವನನ್ನಾದರೂ ಒಪ್ಪಿಸಬಹುದಿತ್ತು. ಆದರೆ ಮನೆಯಲ್ಲಿ ಬಂಡೆಮ್ಮ ಅತ್ತೆ ಇದ್ದಳು. ಅಪ್ಪನ ಅಕ್ಕ. ತಮ್ಮನನ್ನು ನೋಡಿಕೊಳ್ಳುತ್ತೇನೆಂದು ಗಂಟುಮೂಟೆ ಸಮೇತ ಬಂದಿದ್ದಳು. ಯಾವ ಊರಿನಲ್ಲಿ ಯಾರು ಸತ್ತರೂ ಹೆಣಕ್ಕೆ ಯಾವ ದಿಕ್ಕು, ಬಾಳೆಹಣ್ಣು ಎಷ್ಟು ಎಂದು ಹೇಳಲು ಇವಳೇ ಬೇಕು. ಸಾವಿನ ವಿಷಯ ಅಷ್ಟು ತಿಳಿದವಳಿಗೆ ಬದುಕಿನದೂ ತಿಳಿದಿರಬೇಕೆಂದು ಮನೆಯವರೆಲ್ಲ ನಂಬಿದ್ದರು. ನಾನು ದಿಲ್ಶಾದ್ ಹೇಳಿದ್ದನ್ನೆಲ್ಲ ಅವಳಿಗೆ ಬಿಡಿಸಿ ಹೇಳಿದೆ. ಅತ್ತೆ ಸಮಾಧಾನದಿಂದ ಕೇಳಿದಳು.

“ಉಣ್ಣದ ಬಾಯಿ ಎಂಜಲ ಆಗಂಗಿಲ್ಲ,” ಎಂದಳು. “ಜೀವ ಗಟ್ಟಿ ಇದ್ದವನ ಬಾಯಾಗ ಅರಿವಿ ನೀರು ಬಿಟ್ರ, ಬಾ ಅಂತ ಸಾವನ್ನ ಕರದಂಗ. ನಿನ್ನ ಓದು ಮಾನ್ವ್ಯಾಗ ಇಟ್ಕೋ.”

ಸಿಟ್ಟು ನೆತ್ತಿಗೇರಿತು. ಆದರೂ ನುಂಗಿಕೊಂಡೆ. ತವರಿಗೆ ಬಂದ ಮಗಳ ಮಾತು ಎಷ್ಟು ನಡೆಯುತ್ತದೆಂದು ಕೊಟ್ಟ ಹೆಣ್ಣುಮಕ್ಕಳಿಗೆಲ್ಲ ಗೊತ್ತು. ತಮ್ಮ ದುರುಗೇಶ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಗುತ್ತಿಗೆ ಕೆಲಸಗಾರ, ರಜೆ ಸಿಕ್ಕಾಗ ಬರುತ್ತಿದ್ದ. ಅವನಿಗೆ ಫೋನಿನಲ್ಲಿ ಹೇಳಿದರೆ, ಹೊಟ್ಟೆಗೆ ಸರಿಯಾಗಿ ಹೋಗುತ್ತಿದೆಯಲ್ಲ, ಹಿರಿಯರ ಮನಸ್ಸು ಯಾಕೆ ನೋಯಿಸುತ್ತೀ ಎಂದ.

ಒಂದು ಮಧ್ಯಾಹ್ನ ಅವ್ವ ರೇಷನ್ ಅಂಗಡಿಗೆ ಹೋಗಿದ್ದಳು, ಅತ್ತೆ ಪಡಸಾಲೆಯಲ್ಲಿ ಗೊರಕೆ ಹೊಡೆಯುತ್ತಿದ್ದಳು. ಬಾಗಿಲು ಮುಂದೆ ಮಾಡಿ ಅಪ್ಪನ ಮುಖವನ್ನು ಪಕ್ಕಕ್ಕೆ ಹೊರಳಿಸಿದೆ. ಬೆರಳಿಗೆ ಅರಿವೆ ಸುತ್ತಿ ತುಟಿಯ ಹತ್ತಿರ ಒಯ್ದೆ.

ಅಪ್ಪ ಅರಿವೆ ನೋಡಿದ. ಹಲ್ಲು ಕಚ್ಚಿಕೊಂಡ. ಎಡಗೈ ಎತ್ತಿ ನನ್ನ ಮುಂಗೈ ಹಿಡಿದ. ತಳ್ಳಲಿಲ್ಲ, ಸುಮ್ಮನೆ ಹಿಡಿದುಕೊಂಡ. ನನ್ನ ಹೊತ್ತು ಇಷ್ಟು ಬೇಗ ಬಂತೇನು ಎಂದು ಆ ಕಣ್ಣುಗಳು ಕೇಳುತ್ತಿದ್ದವು.

ಅವ್ವ, ಅತ್ತೆ ಹೆದರುವುದು ಬೇರೆ. ಅಪ್ಪನೂ ಅದೇ ಮನೆಯಲ್ಲಿ ಹುಟ್ಟಿದವನು, ಅದೇ ನೀರನ್ನು ತನ್ನಪ್ಪನಿಗೆ ಹಿಂಡಿದವನು ಎಂಬುದು ನನಗೆ ಹೊಳೆದೇ ಇರಲಿಲ್ಲ.

“ಯಪ್ಪಾ, ಇದು ಆ ನೀರಲ್ಲ,” ಎಂದೆ. “ಬಾಯಿ ಒರಸ್ತೀನಿ ಅಷ್ಟ. ನೀ ಹೋಗಾಕತ್ತಿಲ್ಲ.”

ಅವನು ಹಲ್ಲು ಬಿಡಲಿಲ್ಲ. ಕಣ್ಣಿನ ಕೊನೆಯಿಂದ ನೀರು ಇಳಿದು ಕಿವಿಗೆ ಹೋಯಿತು. ಹಲ್ಲು ಕಚ್ಚಿದ ಕುರಿಯ ಬಾಯಿ ಬಿಡಿಸುವ ಉಪಾಯ ನನಗೆ ಗೊತ್ತಿತ್ತು, ಅಪ್ಪನೇ ಕಲಿಸಿದ್ದು. ದವಡೆಯ ಮೂಲೆಯಲ್ಲಿ ಹಲ್ಲಿಲ್ಲದ ಒಂದು ಜಾಗವಿರುತ್ತದೆ, ಅಲ್ಲಿ ಹೆಬ್ಬೆರಳು ಒತ್ತಿದರೆ ಕುರಿ ತಾನಾಗಿ ಬಾಯಿ ತೆರೆಯುತ್ತದೆ. ನನ್ನ ಹೆಬ್ಬೆರಳು ಅಪ್ಪನ ಕೆನ್ನೆಯವರೆಗೆ ಹೋಯಿತು. ಹಾಗೆಯೇ ವಾಪಸು ಬಂತು. ಹೆತ್ತಪ್ಪನನ್ನು ಕುರಿಯ ಹಾಗೆ ಹಿಡಿಯಲು ಕೈ ಬರಲಿಲ್ಲ.

ಅರಿವೆ ಬೇಡವೆಂದರೆ ಬ್ರಶ್ ಆಗಬಹುದೆಂದು ಅಂಗಡಿಯಿಂದ ಮಕ್ಕಳ ಮೆತ್ತನೆಯ ಬ್ರಶ್ ತಂದೆ. ಅದಕ್ಕೆ ಅಪ್ಪ ಬಾಯಿ ಬಿಟ್ಟ, ಸ್ವಲ್ಪವೇ. ಎರಡು ಸಲ ಆಡಿಸುವುದರೊಳಗೆ ಬಾತ ಒಸಡಿನಿಂದ ರಕ್ತ ಬಂದು ತಲೆದಿಂಬಿಗೆ ಇಳಿಯಿತು. ದಿಲ್ಶಾದ್‌ಗೆ ಫೋನು ಮಾಡಿದರೆ, ಮೊದಮೊದಲು ಹಾಗೆ ಬರುತ್ತದೆ, ನಿಲ್ಲಿಸಬೇಡಿ ಎಂದಳು. ಆದರೆ ಆ ದಿಂಬನ್ನು ಅತ್ತೆ ಓಣಿಯವರಿಗೆಲ್ಲ ತೋರಿಸಿ ಬಂದಾಗಿತ್ತು. ಅವ್ವ ನನ್ನ ಮುಂದೆ ಕೈ ಮುಗಿದಳು. ಹೆತ್ತವಳು ಕೈ ಮುಗಿದ ಮೇಲೆ ಇನ್ನೇನು ಉಳಿಯುತ್ತದೆ? ಅಷ್ಟರಲ್ಲಿ ಮಾನ್ವಿಯಲ್ಲಿ ನನ್ನ ಮಗಳಿಗೆ ಜ್ವರ ಬಂದು ಗಂಡ ಕರೆಯುತ್ತಿದ್ದ. ಬ್ರಶ್ಶನ್ನು ಅಪ್ಪನ ದಿಂಬಿನ ಕೆಳಗೆ ಇಟ್ಟು ಬಸ್ಸು ಹತ್ತಿದೆ.

ಮಗಳು ಹುಷಾರಾಗುವ ಹೊತ್ತಿಗೆ ದುರುಗೇಶನ ಫೋನು ಬಂತು. ಅಪ್ಪನಿಗೆ ಮೈ ಸುಡುತ್ತಿದೆ, ಎದೆಯಲ್ಲಿ ಗರಗರ ಸದ್ದು. ನಾನು ರಾಯಚೂರು ತಲುಪಿದಾಗ ಮೂಗಿಗೆ ಆಕ್ಸಿಜನ್ ಹಾಕಿದ್ದರು. ಡಾಕ್ಟರು ಬ್ಯಾಟರಿ ಬೆಳಕು ಬಿಟ್ಟು ಅಪ್ಪನ ಬಾಯಿ ನೋಡಿದರು. ನಾಲಿಗೆಯ ಮೇಲೆ ಕಂದು ಹಕ್ಕಳೆ ಕಟ್ಟಿತ್ತು. ಬಾಯಿ ಯಾರು ಸ್ವಚ್ಛ ಮಾಡುತ್ತಿದ್ದರು ಎಂದು ಕೇಳಿದರು. ಅತ್ತೆ ತಲೆಯೆತ್ತಿ, ನಳಿಕೆ ಹಾಕಿದಾಗಿನಿಂದ ಅವನ ಬಾಯಿಗೆ ಒಂದು ತುತ್ತು, ಒಂದು ಹನಿ ಮುಟ್ಟಿಸಿಲ್ಲ ಎಂದು ಹೆಮ್ಮೆಯಿಂದ ಹೇಳಿದಳು. ಬಾಯಿಯ ಕೊಳೆಯೆಲ್ಲ ಶ್ವಾಸಕೋಶಕ್ಕೆ ಇಳಿದಿದೆ ಎಂದರು ಡಾಕ್ಟರು. ಇಂಜೆಕ್ಷನ್ ಬದಲಿಸಿ ನೋಡಿದರು. ಮತ್ತೆ ಬದಲಿಸಿದರು. ಕೊನೆಗೆ, ಮನೆಗೆ ಕರೆದುಕೊಂಡು ಹೋಗುವುದಾದರೆ ಹೋಗಿ ಎಂದರು.

ದೇವದುರ್ಗದ ಮನೆಯ ಪಡಸಾಲೆಯಲ್ಲಿ ಮರುದಿನ ಬೆಳಿಗ್ಗೆ ಮಂಚ ಹಾಕಿದರು. ನೆಂಟರು ತುಂಬಿದ್ದರು. ಶಾಮೀದಸಾಬ ಮಾನ್ವಿಯಿಂದ ಬಂದು ಹೊಸ್ತಿಲಾಚೆ ಟೋಪಿ ಸರಿಮಾಡಿಕೊಳ್ಳುತ್ತ ನಿಂತಿದ್ದ. ಅತ್ತೆ ಹೊಸ ಬಿಳಿ ಅರಿವೆ ಪರ್ರನೆ ಹರಿದಳು, ತಂಬಿಗೆಯಲ್ಲಿ ಅದ್ದಿದಳು. ಮೊದಲು ದುರುಗೇಶನ ಕೈಗೆ ಕೊಟ್ಟಳು.

ಅಪ್ಪ ಅರಿವೆ ನೋಡಿದ. ಯಾರೂ ಹೇಳುವ ಮೊದಲೇ ಬಾಯಿ ತೆರೆದ.

ದುರುಗೇಶ ಅಳುತ್ತ ಹಿಂಡಿದ. ಅವ್ವ ಹಿಂಡಿದಳು. ಅರಿವೆ ನನ್ನ ಕೈಗೆ ಬಂತು. ನಾನು ಅದನ್ನು ಚೆನ್ನಾಗಿ ಹಿಂಡಿ ಬೆರಳಿಗೆ ಸುತ್ತಿಕೊಂಡೆ. ಅಪ್ಪನ ಮುಖವನ್ನು ನನ್ನ ಕಡೆಗೆ ಹೊರಳಿಸಿ, ನಾಲಿಗೆಯ ಹಕ್ಕಳೆಯನ್ನು ಮೆಲ್ಲಗೆ ಬಿಡಿಸಿದೆ. ಅರಿವೆ ಕಂದಾಯಿತು. ಮತ್ತೆ ಅದ್ದಿದೆ, ಮತ್ತೆ ಹಿಂಡಿದೆ. ಮುಂದಿನ ಹಲ್ಲು, ಒಸಡು, ದವಡೆಯ ಒಳಗೆ ಇನ್ನೂ ಉಳಿದಿದ್ದ ತಂಬಾಕಿನ ಕರೆ. ಅಪ್ಪ ಈಗ ಕಚ್ಚಲಿಲ್ಲ, ಕೈ ಹಿಡಿಯಲಿಲ್ಲ, ಎಷ್ಟು ಬೇಕೋ ಅಷ್ಟು ತೆರೆದುಕೊಂಡಿದ್ದ. ನನ್ನ ಹಿಂದೆ ಸಾಲಿನಲ್ಲಿ ನಿಂತವರು ಗುಸುಗುಸು ಎಂದರು. ಸಾಕು ಬೇ ಎಂದು ಅವ್ವ ನನ್ನ ಭುಜ ಮುಟ್ಟಿದಳು.

“ತೊಳೀಲಿ ಬಿಡು,” ಎಂದಳು ಅತ್ತೆ. “ಈಗ ತೊಳದ್ರ ಏನೂ ಆಗಂಗಿಲ್ಲ.”

ಅವಳು ಹೇಳಿದ್ದು ನಿಜವೇ. ಏನೂ ಆಗಲಿಲ್ಲ. ಗರಗರ ಸದ್ದು ನಿಂತ ಮೇಲೂ ನಾನು ಹಿಂದಿನ ಹಲ್ಲುಗಳನ್ನು ಒರೆಸುತ್ತಿದ್ದೆ.