ಗಂಟಿಲ್ಲದ ಹೊಲಿಗೆ

"ಅಮ್ಮ, ಅಲ್ಲೇ ಯಾಕೆ ನಿಂತ್ಬಿಟ್ಟೆ? ಚೀಸ್ ಅಂಗಡಿ ಈ ಕಡೆ!" ಲಿವಿಯು ಕೂಗಿದ.

ವೆತೂರಿಯಾ ಅಲುಗಲಿಲ್ಲ. ಬೆಳಗಿನಿಂದ ಇದು ಮೂರನೆಯ ಊರು, ಮೂರನೆಯ ಸಂತೆ. ಕ್ಲುಜ್ ಪಟ್ಟಣದ ಫ್ಲಾಟಿನಲ್ಲಿ ಕೂತು ಕೂತು ಮುದುಕಿಗೆ ಬೇಜಾರಾಗಿರುತ್ತದೆಂದು ಮಗ ಸೊಸೆ ಸುತ್ತಾಡಿಸಲು ಕರೆತಂದಿದ್ದರು. ಹಳ್ಳಿ ಬಿಡಿಸಿದವರೇ ಈಗ ಹಳ್ಳಿ ತೋರಿಸಲು ಹೊರಟಿದ್ದರು! ಸೊಸೆ ಸಾಂದಾ ಊರೂರಲ್ಲೂ ಮಣ್ಣಿನ ಹೂಜಿ, ಮರದ ಸೌಟು ಕೊಳ್ಳುತ್ತಾ, "ಎಷ್ಟು ಚೆನ್ನಾಗಿದೆ ನೋಡಿ ಅತ್ತೆ, ಎಲ್ಲಾ ಕೈಯಲ್ಲೇ ಮಾಡಿದ್ದು" ಎನ್ನುತ್ತಿದ್ದಳು. ಅತ್ತೆಯೂ ಬದುಕಿಡೀ ಕೈಯಲ್ಲೇ ಮಾಡಿದವಳು ಎನ್ನುವುದು ಅವಳಿಗೆ ಹೊಳೆದಂತಿರಲಿಲ್ಲ.

ಹಳೇ ಬಟ್ಟೆಯ ಅಂಗಡಿಯಲ್ಲಿ ತೂಗುಹಾಕಿದ್ದ ಬಿಳಿ ಅಂಗಿಯ ತೋಳನ್ನು ವೆತೂರಿಯಾ ತಿರುವಿ ನೋಡಿದಳು. ಕಪ್ಪು ದಾರದ ಕಸೂತಿ. ಒಳಗೆ ಎಲ್ಲೂ ಒಂದು ಗಂಟಿಲ್ಲ. ಬದುಕಿರುವವರ ಬಟ್ಟೆಯನ್ನು ಯಾರೂ ಹಾಗೆ ಹೊಲಿಯುವುದಿಲ್ಲ. ಗಂಡ ತೀರಿಹೋದ ಚಳಿಗಾಲದಲ್ಲಿ ಅವಳೇ ಕೂತು ಹೊಲಿದದ್ದು. ತನ್ನನ್ನು ಮಣ್ಣು ಮಾಡುವ ದಿನ ತೊಡಿಸಲಿ ಎಂದು ಪೆಟ್ಟಿಗೆಯ ತಳದಲ್ಲಿ ಮಡಿಸಿಟ್ಟಿದ್ದಳು. ಹಳ್ಳಿಮನೆ ಖಾಲಿ ಮಾಡಿದಾಗ ಪೆಟ್ಟಿಗೆಯ ಬಟ್ಟೆಗಳೆಲ್ಲಿ ಎಂದು ಕೇಳಿದ್ದಕ್ಕೆ ಸಾಂದಾ, "ನುಸಿ ಹಿಡಿದಿತ್ತು ಅತ್ತೆ, ಸುಟ್ಟುಬಿಟ್ವಿ" ಎಂದಿದ್ದಳು. ಮುದುಕಿ ನಂಬಿ ಅತ್ತಿದ್ದಳು. ಇನ್ನೊಂದು ಹೊಲಿಯೋಣವೆಂದರೆ ಈಗ ಸೂಜಿಗೆ ದಾರ ಪೋಣಿಸಲೂ ಕಣ್ಣು ಕಾಣದು.

ಸಾಂದಾ ಹತ್ತಿರ ಬರುತ್ತಲೇ ಅಂಗಡಿಯ ಹೆಂಗಸಿನ ಮುಖ ಅರಳಿತು. "ಬನ್ನಿ ಅಕ್ಕಾ! ಗುರುತು ಸಿಗ್ಲಿಲ್ವಾ? ನಿಮ್ಮ ಹಳ್ಳಿಮನೆಗೇ ಬಂದು ಪೆಟ್ಟಿಗೆ ಪೂರ್ತಿ ಕೊಂಡ್ಕೊಂಡು ಹೋದ್ನಲ್ಲಾ! ಅದ್ರಲ್ಲಿ ಇದೊಂದೇ ಉಳಿದಿರೋದು."

ಸಾಂದಾ ಇಂಗು ತಿಂದ ಮಂಗನಂತೆ ನಿಂತಳು.

"ಅಮ್ಮ, ಒಂದು ಹಳೇ ಅಂಗಿಗೆ ಸಂತೇಲಿ ರಂಪ ಬೇಡ," ಲಿವಿಯು ನಡುವೆ ಬಂದ. "ಇದಕ್ಕಿಂತ ಚೆನ್ನಾಗಿರೋದು ಕೊಡಿಸ್ತೀನಿ."

"ನಾನೆಲ್ಲಿ ರಂಪ ಮಾಡ್ದೆ? ಇನ್ನೂ ಬಾಯೇ ಬಿಟ್ಟಿಲ್ವಲ್ಲೋ. ಹಾಗಾದ್ರೆ ನಿಂಗೂ ಗೊತ್ತಿತ್ತು ಅನ್ನು."

ಅವನು ನೆಲ ನೋಡಿದ. ವೆತೂರಿಯಾ ಅಂಗಿಯನ್ನು ಕೆಳಗಿಳಿಸಿ, ತೊಟ್ಟ ಬಟ್ಟೆಯ ಮೇಲೆಯೇ ತೊಟ್ಟು, ಕತ್ತಿನ ಲಾಡಿ ಬಿಗಿದಳು. "ದುಡ್ಡು ಕೊಡೋ ಅವಳಿಗೆ." ಪಕ್ಕದಲ್ಲಿ ಈರುಳ್ಳಿ ಮಾರುತ್ತಿದ್ದ ಮುದುಕಿಯರಿಗೆ ಅದು ಎಂಥ ಅಂಗಿಯೆಂದು ನೋಡಿದೊಡನೆ ತಿಳಿಯಿತು, ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡರು.

ವೆತೂರಿಯಾ ಎದುರಿನ ಅಂಗಡಿಯಿಂದ ಒಂದು ಗುಂಡು ರೊಟ್ಟಿ ಕೊಂಡು ತಂದು ಸೊಸೆಯ ಮುಂದೆ ಹಿಡಿದಳು.

"ತಗೋ. ಸತ್ತ ವೆತೂರಿಯಾ ಹೆಸರಲ್ಲಿ."

"ಅಯ್ಯೋ ಅತ್ತೆ, ಏನಿದು? ಜನ ನೋಡ್ತಿದಾರೆ."

"ನೋಡ್ಲಿ ಬಿಡು. ಸತ್ತೋರ ಹೆಸರಲ್ಲಿ ಕೊಟ್ಟಿದ್ದನ್ನ ಬೇಡ ಅನ್ನೋ ಹಾಗಿಲ್ಲ. ತಗೊಂಡು, ಹೇಳಬೇಕಾದ್ದು ಹೇಳು."

ಈರುಳ್ಳಿಯ ಮುದುಕಿಯರು ತಕ್ಕಡಿ ಕೆಳಗಿಟ್ಟು ಕಾಯುತ್ತಿದ್ದರು. ಸಾಂದಾ ಕೈ ಚಾಚಿದಳು. "ದೇವರು ಅವರನ್ನ ಕ್ಷಮಿಸಲಿ" ಎಂದು ತುಟಿಯಲ್ಲೇ ಅಂದಳು.

"ತಿನ್ನು."

ಸಾಂದಾ ಒಂದು ಚೂರು ಮುರಿದು ಬಾಯಿಗಿಟ್ಟಳು. ಲಿವಿಯು ಕಾರಿನ ಕೀ ಹಿಡಿದು ನಿಂತೇ ಇದ್ದ. ಅವಳು ಅಗಿಯುತ್ತಲೇ ಇದ್ದಳು, ನುಂಗಲಿಲ್ಲ.