ಆ್ಯಸಿಡ್ ಕುಡಿದ ಸಮಾಧಿಗಲ್ಲು

ಹಳೆಯ ಸಮಾಧಿಗಲ್ಲುಗಳ ಬರಹ ದಾಖಲಿಸುತ್ತಿದ್ದ ಶೀತಲ, ಕೋಠಿ ಬಡಾವಣೆಯ ಹತ್ತಿರದ ಲಿಂಗಾಯತ ರುದ್ರಭೂಮಿಗೆ ಕೈಗನ್ನಡಿ ಹಿಡಿದು ಬಂದಿದ್ದಳು. ಕನ್ನಡಿಯಿಂದ ಬಿಸಿಲನ್ನು ಓರೆಯಾಗಿ ಬಿಟ್ಟರೆ ಸವೆದ ಅಕ್ಷರಗಳೂ ಎದ್ದು ಕಾಣುತ್ತವೆ. ಇವತ್ತಿನದು ಅವಳ ಮುತ್ತಜ್ಜಿಯ ಕಲ್ಲು. ಆಕೆಯ ಹೆಸರು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ; ಅದು ಉಳಿದಿದ್ದುದು ಈ ಕಲ್ಲಿನ ಮೇಲೆ ಮಾತ್ರ.

ಒಳಗೆ ಕಾಲಿಟ್ಟೊಡನೆ ಘಾಟು ಗಂಟಲು ಹಿಡಿಯಿತು. ಶಹಾಬಾದ್ ಸುಣ್ಣಕಲ್ಲುಗಳೆಲ್ಲ ಬೆಳ್ಳಗೆ, ಬೋಳಾಗಿ ನಿಂತಿದ್ದವು.

“ನಾಳೆ ಹೊಸ ಗೇಟಿನ ಉದ್ಘಾಟನೆ ಐತಲ್ಲವ್ವಾ, ಪಾಯಖಾನಿ ಆ್ಯಸಿಡ್ ಹಾಕಿ ತಿಕ್ಕಿಸೀವಿ. ಫೋಟೋದಾಗ ಭಾಳ ಛಲೋ ಬರ್ತಾವು,” ಎಂದ ರುದ್ರಭೂಮಿ ಸಮಿತಿಯ ಶಾಂತಪ್ಪ.

“ಅಕ್ಷರ ಎಲ್ಲಿ ಹೋದವ್ರಿ ಕಾಕಾ?”

“ಹೋದ್ರ ಹೋಗ್ಲಿ ಬಿಡು. ಗ್ರಾನೈಟ್‌ನಾಗ ಹೊಸಾದು ಕೆತ್ತಸೂಣು. ನಿಮ್ಮ ಮುತ್ತಜ್ಜಿ ಹೆಸರು ಹೇಳು.”

ಶೀತಲ ಮುತ್ತಜ್ಜಿಯ ಕಲ್ಲಿನ ಮೇಲೆ ಕನ್ನಡಿಯಿಂದ ಬಿಸಿಲು ಬಿಟ್ಟಳು; ಒಂದು ಅಕ್ಷರವೂ ಏಳಲಿಲ್ಲ. ಹೇಳಲು ಹೆಸರಿರಲಿಲ್ಲ.